ತಂಗಿ ತವರಿಗೆ ಬಂದು 14 ತಿಂಗಳಾಯಿತು: ವಿಚ್ಛೇದನ, ಜೀವನಾಂಶ, ಮಗು ಯಾರ ಹತ್ತಿರ? ತಿಳಿದವರು ಹೇಳಿ

ಹೊಸನಗರದ ಅಕ್ಕ

ಎಲ್ಲರಿಗೂ ನಮಸ್ಕಾರ. ಬರೆಯಲೋ ಬೇಡವೋ ಅಂತ ಎರಡು ವಾರ ಯೋಚಿಸಿದೆ. ಊರಲ್ಲಿ ಯಾರನ್ನಾದರೂ ಕೇಳಿದರೆ ಸಂಜೆಯೊಳಗೆ ನಾಲ್ಕು ಮನೆಗೆ ಗೊತ್ತಾಗುತ್ತದೆ, ಅದಕ್ಕೆ ಇಲ್ಲಿ ಕೇಳುತ್ತಿದ್ದೇನೆ.

ನನ್ನ ತಂಗಿಯನ್ನು ತೀರ್ಥಹಳ್ಳಿ ಕಡೆ ಕೊಟ್ಟಿದ್ದೆವು. ಅಡಿಕೆ ತೋಟದ ಮನೆ. ಮದುವೆಯಾಗಿ ಎಂಟು ವರ್ಷ, ಆರು ವರ್ಷದ ಮಗಳಿದ್ದಾಳೆ. ಅಲ್ಲಿ ಏನೇನಾಯಿತು ಅಂತ ಬರೆಯುವುದಿಲ್ಲ, ಅದು ಅವಳ ವಿಷಯ. ಮಗುವನ್ನು ಕರೆದುಕೊಂಡು ತವರಿಗೆ ಬಂದು 14 ತಿಂಗಳಾಯಿತು. ಪುಟ್ಟಿ ಇಲ್ಲೇ ಒಂದನೇ ಕ್ಲಾಸಿಗೆ ಹೋಗುತ್ತಿದ್ದಾಳೆ. ಇಷ್ಟು ದಿನದಲ್ಲಿ ಅವಳ ಅಪ್ಪ ಒಂದು ರೂಪಾಯಿ ಕೊಟ್ಟಿಲ್ಲ.

ಹೋದ ತಿಂಗಳು ಅವರ ಕಡೆಯ ನಾಲ್ಕು ಜನ ಹಿರಿಯರು ಬಂದು ಕೂತರು. ಛಾಪಾ ಕಾಗದದಲ್ಲಿ ಮೊದಲೇ ಬರೆಸಿಕೊಂಡು ಬಂದಿದ್ದರು. ಇಬ್ಬರೂ ಒಪ್ಪಿ ಬಿಡುಗಡೆ ಆಗಿದ್ದೇವೆ, ಮಗು ತಾಯಿ ಹತ್ತಿರ ಇರುತ್ತದೆ, ತಾಯಿ ಮುಂದೆ ತನಗಾಗಲಿ ಮಗುವಿಗಾಗಲಿ ಏನೂ ಕೇಳುವುದಿಲ್ಲ, ಅಂತ. "ಸಹಿ ಹಾಕಿದರೆ ಮಗು ನಿನ್ನದು. ಇಲ್ಲ ಅಂದರೆ ಕೋರ್ಟಿಗೆ ಹೋಗಿ ಮಗುವನ್ನೇ ಕರೆಸಿಕೊಳ್ಳುತ್ತೇವೆ" ಅಂದರು. ತಂಗಿ ಪೆನ್ನು ಹಿಡಿದಿದ್ದಳು. ಅಪ್ಪ ಎದ್ದು ಬಂದು ಕಾಗದ ಮಡಚಿಟ್ಟು, ಒಂದು ತಿಂಗಳು ಸಮಯ ಕೊಡಿ ಅಂದರು. ಆ ತಿಂಗಳು ಮುಗಿಯುತ್ತಾ ಬಂತು.

ಆ ಕಾಗದಕ್ಕೆ ಬೆಲೆ ಇದೆಯಾ? ಐದು ವರ್ಷ ದಾಟಿದ ಮಗು ಅಪ್ಪನಿಗೆ ಸೇರಬೇಕು ಅಂದರು, ಅದು ನಿಜವಾ? ತೋಟವೆಲ್ಲ ಮಾವನ ಹೆಸರಲ್ಲಿದೆ, ಹುಡುಗನ ಹೆಸರಲ್ಲಿ ಏನೂ ಇಲ್ಲ, ಹಾಗಾದರೆ ಜೀವನಾಂಶ ಸಿಗುವುದೇ ಇಲ್ಲವಾ? ಕೇಸು ಹಾಕಿದರೆ ಪ್ರತಿ ವಾಯಿದೆಗೂ ತೀರ್ಥಹಳ್ಳಿಗೆ ಓಡಬೇಕಾ? ತಂಗಿ ರಾತ್ರಿ ನಿದ್ದೆ ಮಾಡುತ್ತಿಲ್ಲ. ದಯವಿಟ್ಟು ಗೊತ್ತಿದ್ದವರು ಹೇಳಿ.

ಶಿವಮೊಗ್ಗ ವಕೀಲ

ಅಕ್ಕ, ಆ ಕಾಗದಕ್ಕೆ ಸಹಿ ಬೇಡ. ಉಳಿದದ್ದು ಆಮೇಲೆ.

ಇಂಥ ಕಾಗದಗಳನ್ನು ಹಿಡಿದುಕೊಂಡು ಜನ ನನ್ನ ಹತ್ತಿರ ಬರುತ್ತಲೇ ಇರುತ್ತಾರೆ, ಹೆಚ್ಚಿನವರು ಸಹಿ ಹಾಕಿ ಆದ ಮೇಲೆ ಬರುತ್ತಾರೆ. ಹಿಂದೂ ಮದುವೆ ಮುರಿಯುವುದು ಕೋರ್ಟಿನ ಡಿಕ್ರಿಯಿಂದ, ಅಂದರೆ ಅಂತಿಮ ಆದೇಶದಿಂದ. ಕೆಲವು ಸಮುದಾಯಗಳಲ್ಲಿ ಹಿಂದಿನಿಂದ ಬಂದ ಬಿಡುಗಡೆ ಪದ್ಧತಿಗೆ 1955ರ ಹಿಂದೂ ವಿವಾಹ ಕಾಯ್ದೆಯ 29ನೇ ಸೆಕ್ಷನ್ ಜಾಗ ಬಿಟ್ಟಿದೆ, ನಿಜ. ಆದರೆ ಆ ಪದ್ಧತಿ ನಿಮ್ಮಲ್ಲಿ ಇದೆ ಅಂತ ಸಾಕ್ಷಿ ಸಮೇತ ತೋರಿಸಬೇಕು, ಅದು ಸುಲಭ ಅಲ್ಲ. ಛಾಪಾ ಕಾಗದ, ನೋಟರಿ ಸೀಲು, ನಾಲ್ಕು ಸಾಕ್ಷಿ ಎಲ್ಲ ಸೇರಿದರೂ ವಿಚ್ಛೇದನ ಆಗುವುದಿಲ್ಲ. ಅದನ್ನು ನಂಬಿ ಇಬ್ಬರಲ್ಲಿ ಯಾರಾದರೂ ಇನ್ನೊಂದು ಮದುವೆ ಆದರೆ ಅದು ಅಪರಾಧ, ಏಳು ವರ್ಷದವರೆಗೆ ಜೈಲು ಶಿಕ್ಷೆ ಇದೆ.

ಅವರು ಮೂರು ಬೇರೆ ಬೇರೆ ವಿಷಯಗಳನ್ನು ಒಂದೇ ಗಂಟು ಹಾಕಿಕೊಂಡು ಬಂದಿದ್ದಾರೆ. ಗಂಡ ಹೆಂಡತಿ ಬೇರೆಯಾಗುವುದು ಒಂದು. ಮಗು ಯಾರ ಹತ್ತಿರ ಬೆಳೆಯಬೇಕು ಅನ್ನುವುದು ಇನ್ನೊಂದು. ಮಗುವಿನ ಊಟ, ಫೀಸು, ಔಷಧಿಗೆ ಯಾರು ಕೊಡಬೇಕು ಅನ್ನುವುದು ಮತ್ತೊಂದು. ಕೋರ್ಟು ಇವನ್ನು ಒಂದಕ್ಕೊಂದು ಬದಲಾಗಿ ಕೊಟ್ಟು ತೆಗೆದುಕೊಳ್ಳಲು ಬಿಡುವುದಿಲ್ಲ. ಮಗುವಿನ ಜೀವನಾಂಶ ಮಗುವಿನ ಹಕ್ಕು, ಅದನ್ನು ಬಿಟ್ಟುಕೊಡುತ್ತೇನೆ ಅಂತ ಬರೆಯಲು ತಾಯಿಗೆ ಅಧಿಕಾರವೇ ಇಲ್ಲ. ಬರೆದುಕೊಟ್ಟರೂ ಮಗುವಿನ ಪರವಾಗಿ ಮತ್ತೆ ಕೇಳಬಹುದು. ಆದರೆ ಸಹಿ ಇದ್ದರೆ ಎದುರಿನವರು ಅದೇ ಕಾಗದ ಹಿಡಿದು ಕೇಸು ಎಳೆಯುತ್ತಾರೆ, ಸುಮ್ನೆ ವರ್ಷಗಟ್ಟಲೆ ಹೋಗುತ್ತದೆ.

ಐದು ವರ್ಷದ ಮಾತು ಅರ್ಧ ಕೇಳಿ ಹೇಳಿದ್ದು. 1956ರ ಹಿಂದೂ ಅಪ್ರಾಪ್ತ ವಯಸ್ಕರ ಪಾಲಕತ್ವದ ಕಾಯ್ದೆ ಹೇಳುವುದು ಇಷ್ಟು: ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿ ಹತ್ತಿರ ಇರಬೇಕು. ಐದು ತುಂಬಿದ ಮಾರನೇ ದಿನ ಅಪ್ಪನಿಗೆ ಕೊಡಿ ಅಂತ ಎಲ್ಲೂ ಬರೆದಿಲ್ಲ. ಅದೇ ಕಾಯ್ದೆಯ 13ನೇ ಸೆಕ್ಷನ್ ಮಗುವಿನ ಹಿತ ಎಲ್ಲಕ್ಕಿಂತ ಮೊದಲು ಅನ್ನುತ್ತದೆ. ಜಡ್ಜ್ ನೋಡುವುದು ಮಗು ಈಗ ಎಲ್ಲಿದೆ, ಯಾವ ಶಾಲೆ, ದಿನಾ ಸ್ನಾನ ಊಟ ಪಾಠ ಯಾರು ನೋಡಿಕೊಳ್ಳುತ್ತಾರೆ, ಜ್ವರ ಬಂದರೆ ರಾತ್ರಿ ಯಾರು ಎದ್ದಿರುತ್ತಾರೆ, ಇಂಥದ್ದನ್ನು. ಬುದ್ಧಿ ಬಂದ ಮಗುವಾದರೆ ಚೇಂಬರಿಗೆ ಕರೆದು ಮಾತಾಡಿಸುವುದೂ ಇದೆ. 14 ತಿಂಗಳಿಂದ ಪುಟ್ಟಿ ನಿಮ್ಮಲ್ಲೇ ಶಾಲೆಗೆ ಹೋಗುತ್ತಿದ್ದಾಳೆ ಅನ್ನುವುದು ನಿಮ್ಮ ಕಡೆಗೆ ದೊಡ್ಡ ಬಲ.

ವಾಯಿದೆಗೆ ತೀರ್ಥಹಳ್ಳಿಗೆ ಓಡಬೇಕಿಲ್ಲ. ಹೆಂಡತಿ ತಾನು ವಾಸ ಇರುವ ಕಡೆಯ ಕೋರ್ಟಿನಲ್ಲೇ ವಿಚ್ಛೇದನ ಅರ್ಜಿ ಹಾಕಬಹುದು, 2003ರಲ್ಲಿ ಆದ ತಿದ್ದುಪಡಿ ಇದು. ಜೀವನಾಂಶದ ಅರ್ಜಿಯೂ ಹಾಗೆಯೇ. ಮಗುವಿನ ಪಾಲಕತ್ವದ ಅರ್ಜಿ ಮಗು ವಾಸ ಇರುವ ಕಡೆ. ಅವರೇ ಮೊದಲು ಅಲ್ಲಿ ಕೇಸು ಹಾಕಿದರೆ ನೀವು ವರ್ಗಾವಣೆ ಕೇಳಬಹುದು.

ಜೀವನಾಂಶದ ಬಗ್ಗೆ ಸಂಜೆ ಬರೆಯುತ್ತೇನೆ, ಈಗ ಕೋರ್ಟಿಗೆ ಹೊತ್ತಾಯಿತು.

ತುಂಗೆ ದಡ

ಅಕ್ಕ, ನಿಮ್ಮ ಅಪ್ಪನಿಗೆ ನನ್ನ ನಮಸ್ಕಾರ ಹೇಳಿ. ಆ ಹೊತ್ತಲ್ಲಿ ಕಾಗದ ಮಡಚುವವರು ನನ್ನ ಮನೆಯಲ್ಲಿ ಯಾರೂ ಇರಲಿಲ್ಲ.

ಸಾಗರದ ಹಿರಿಯ

ಮಗಳೇ, ನಾನು ಎಪ್ಪತ್ತು ದಾಟಿದವನು, ತಪ್ಪು ತಿಳಿಯಬೇಡ. ಕೋರ್ಟು ಕಚೇರಿ ಅಂತ ಹೊರಟರೆ ಎರಡು ಮನೆಯೂ ಸವೆಯುತ್ತದೆ, ನಡುವೆ ಕೂಸು ಬಡವಾಗುತ್ತದೆ. ಎರಡೂ ಕಡೆಯ ದೊಡ್ಡವರು ಕೂತು ಇನ್ನೊಂದು ಸಲ ಮಾತಾಡಿದರೆ ಆಗದಾ? ನಮ್ಮ ಕಾಲದಲ್ಲಿ ಎಷ್ಟೋ ಮನೆ ಹಾಗೆ ಉಳಿದಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಹೊಸನಗರದ ಅಕ್ಕ

ತಪ್ಪೇನೂ ತಿಳಿಯಲಿಲ್ಲ ಅಜ್ಜ. ಮೂರು ಸಲ ಕೂತಿದ್ದೇವೆ. ಎರಡು ಸಲ ತಂಗಿ ವಾಪಸ್ ಹೋದಳು. ಎರಡನೇ ಸಲ ಹೋದಾಗ ಒಂದು ರಾತ್ರಿ ಮಳೆಯಲ್ಲಿ ಮಗುವನ್ನು ಎತ್ತಿಕೊಂಡು ಪಕ್ಕದ ಮನೆಗೆ ಓಡಿ ಬಂದಳು, ಅಲ್ಲಿಂದ ನಮಗೆ ಫೋನು ಬಂತು. ಇದಕ್ಕಿಂತ ಜಾಸ್ತಿ ಬರೆಯಲಾರೆ.

ಸಾಗರದ ಹಿರಿಯ

ಹಾಗಾದರೆ ಕಳಿಸಬೇಡಿ ತಾಯಿ. ನನ್ನ ಮಾತು ಹಿಂದಕ್ಕೆ ತೆಗೆದುಕೊಂಡೆ.

ತುಂಗೆ ದಡ

ಓಡಿ ಬರುವಂಥದ್ದು ನಡೆದಿದ್ದರೆ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಕೂಡ ಇದೆ ಅಕ್ಕ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅದೇ ಅಂಗನವಾಡಿ ನೋಡಿಕೊಳ್ಳುವ ಸಿಡಿಪಿಒ ಅಂತೀವಲ್ಲ, ಅವರೇ ನಮ್ಮ ಕಡೆ ಈ ಕಾಯ್ದೆಯ ಸಂರಕ್ಷಣಾಧಿಕಾರಿ. ಅವರ ಹತ್ತಿರ ಹೋಗಿ ಹೇಳಿಕೆ ಕೊಟ್ಟರೆ ವರದಿ ಮಾಡಿ ಕೋರ್ಟಿಗೆ ಕಳಿಸುತ್ತಾರೆ. ಅದರಲ್ಲೇ ಖರ್ಚಿಗೆ ಹಣ, ಮಗು ಸದ್ಯಕ್ಕೆ ತಾಯಿ ಹತ್ತಿರ ಇರಲಿ ಅನ್ನುವ ಆದೇಶ, ಹತ್ತಿರ ಬರಬಾರದು ಅನ್ನುವ ಆದೇಶ, ಎಲ್ಲ ಕೇಳಬಹುದು. ಅವಸರ ಇದ್ದರೆ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ.

ನನ್ನ ಅನುಭವದಿಂದ ಇನ್ನೊಂದು. ಮನೆಯಿಂದ ಬರುವಾಗ ನಾನು ಬರೀ ಬಟ್ಟೆ ಬ್ಯಾಗು ತಂದಿದ್ದೆ. ಮದುವೆ ಫೋಟೋ, ಆಮಂತ್ರಣ ಪತ್ರ, ಮಗುವಿನ ಜನನ ಪ್ರಮಾಣಪತ್ರ, ಆಧಾರ್, ಲಸಿಕೆ ಕಾರ್ಡು, ಬ್ಯಾಂಕ್ ಪಾಸ್ ಪುಸ್ತಕ ಎಲ್ಲ ಅಲ್ಲೇ ಉಳಿಯಿತು. ಒಂದೊಂದನ್ನು ಮತ್ತೆ ಮಾಡಿಸಿಕೊಳ್ಳಲು ತಿಂಗಳುಗಟ್ಟಲೆ ಅಲೆದೆ. ನಿಮ್ಮ ತಂಗಿ ಏನು ತಂದಿದ್ದಾಳೆ, ಏನು ಅಲ್ಲಿ ಉಳಿದಿದೆ, ಇವತ್ತೇ ಬರೆದಿಡಿ. ತವರಿನವರು ಹಾಕಿದ ಚಿನ್ನ ಅವಳದ್ದೇ, ಸ್ತ್ರೀಧನ. ಅತ್ತೆ ಮನೆಯ ಗೋದ್ರೆಜ್‌ನಲ್ಲಿದ್ದರೂ ಅವಳದ್ದೇ. ಬಿಲ್ಲು ಸಿಗದಿದ್ದರೆ ಮದುವೆ ಫೋಟೋದಲ್ಲಿ ಕೊರಳು ಕೈ ಕಾಣುವ ಫೋಟೋ ಹುಡುಕಿ ಇಡಿ.

ಶಿವಮೊಗ್ಗ ವಕೀಲ

ಜೀವನಾಂಶಕ್ಕೆ ಬರುತ್ತೇನೆ.

ಮೊದಲು ಸಿಆರ್‌ಪಿಸಿ, ಅಂದರೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಸೆಕ್ಷನ್ ಅಂತ ಎಲ್ಲರ ಬಾಯಲ್ಲಿ ಇತ್ತು. 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144 ಆಗಿದೆ, ತಿರುಳು ಅದೇ. ವಿಚ್ಛೇದನ ಕೇಳದೆಯೂ ಇದರಡಿ ಹೆಂಡತಿಗೂ ಮಗುವಿಗೂ ಜೀವನಾಂಶ ಕೇಳಬಹುದು, ಇದನ್ನು ತುಂಬಾ ಜನ ತಿಳಿದಿಲ್ಲ. ಕೇಸು ಮುಗಿಯುವವರೆಗೆ ಕಾಯಬೇಕಿಲ್ಲ, ಮಧ್ಯಂತರ ಜೀವನಾಂಶ ಕೇಳಿ. ನೋಟಿಸ್ ಮುಟ್ಟಿದ 60 ದಿನದೊಳಗೆ ಆದಷ್ಟು ಮಟ್ಟಿಗೆ ಆ ಅರ್ಜಿ ತೀರ್ಮಾನ ಆಗಬೇಕು ಅಂತ ಕಾನೂನೇ ಹೇಳುತ್ತದೆ. ನಿಜವಾಗಿ ಅದಕ್ಕಿಂತ ಜಾಸ್ತಿ ಹಿಡಿಯುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ರಜನೇಶ್ ಮತ್ತು ನೇಹಾ ಪ್ರಕರಣದಲ್ಲಿ 2020ರ ನವೆಂಬರಲ್ಲಿ ಸುಪ್ರೀಂ ಕೋರ್ಟ್ ಒಂದು ಒಳ್ಳೆ ಕೆಲಸ ಮಾಡಿತು. ಜೀವನಾಂಶ ಅರ್ಜಿ ಹಾಕಿದ ದಿನದಿಂದ ಲೆಕ್ಕ ಆಗಬೇಕು, ಆದೇಶ ಬಂದ ದಿನದಿಂದಲ್ಲ. ಅಂದರೆ ಅವರು ವಾಯಿದೆ ಎಳೆದಷ್ಟೂ ಬಾಕಿ ಅವರ ತಲೆ ಮೇಲೇ ಬೆಳೆಯುತ್ತದೆ. ಹಾಗೆಯೇ ನೀವು ಅರ್ಜಿ ಹಾಕುವುದು ತಡ ಮಾಡಿದಷ್ಟೂ ನಷ್ಟ ನಿಮಗೆ. ಹೋದ 14 ತಿಂಗಳಿನ ಲೆಕ್ಕ ಇದರಲ್ಲಿ ಬರುವುದು ಕಷ್ಟ, ಆದ್ದರಿಂದ ಇನ್ನು ಕೂರಬೇಡಿ.

ಅದೇ ತೀರ್ಪಿನಂತೆ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲ, ಖರ್ಚು ಎಲ್ಲವನ್ನೂ ಪ್ರಮಾಣ ಮಾಡಿ ಅಫಿಡವಿಟ್ ಕೊಡಬೇಕು. ತೋಟ ಅಪ್ಪನ ಹೆಸರಲ್ಲಿದೆ, ನನಗೆ ಏನೂ ಇಲ್ಲ ಅಂತ ಹುಡುಗ ಬರೆಯಬಹುದು. ಆದರೆ ದುಡಿಯುವ ಶಕ್ತಿ ಇರುವವನು ಕೂಲಿ ಮಾಡಿಯಾದರೂ ಹೆಂಡತಿ ಮಕ್ಕಳನ್ನು ನೋಡಿಕೊಳ್ಳಬೇಕು ಅಂತ 2022ರಲ್ಲೂ ಸುಪ್ರೀಂ ಕೋರ್ಟ್ ಹೇಳಿದೆ. ಆದಾಯ ಇಲ್ಲ ಅನ್ನುವುದು ಒಂದು, ಇದ್ದದ್ದನ್ನು ಬಚ್ಚಿಡುವುದು ಇನ್ನೊಂದು. ಎರಡನೆಯದನ್ನು ತೋರಿಸಿಕೊಡುವ ಕೆಲಸ ನಮ್ಮದು.

ಸಂಬಳದ ನಾಲ್ಕನೇ ಒಂದು ಭಾಗ ಸಿಗುತ್ತದೆ ಅಂತ ಫೋನಲ್ಲಿ ಓಡಾಡುವ ಮಾತು ಇದೆ. 2017ರ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಶೇಕಡಾ 25 ಅಂದಿದ್ದು ನಿಜ, ಎಲ್ಲರಿಗೂ ಅದೇ ಲೆಕ್ಕ ಅಂತ ನಂಬಿ ಹೋಗಬೇಡಿ.

ತೋಟದವನು

ವಕೀಲರು ಹೇಳಿದ್ದಕ್ಕೆ ನಮ್ಮ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ನನಗೂ ಎರಡೂವರೆ ಎಕರೆ ತೋಟ ಇದೆ, ನನ್ನ ತಂಗಿಯ ಕೇಸಲ್ಲಿ ನಾನೇ ಓಡಾಡಿದ್ದೆ.

ಅಡಿಕೆ ಬೆಳೆಗಾರರಿಗೆ ಸಂಬಳದ ಚೀಟಿ ಇರುವುದಿಲ್ಲ, ಕೃಷಿ ಆದಾಯಕ್ಕೆ ಇನ್‌ಕಮ್ ಟ್ಯಾಕ್ಸ್ ಇಲ್ಲ, ಅದಕ್ಕೇ ಎಲ್ಲರೂ ವರ್ಷಕ್ಕೆ ಇಷ್ಟೇ ಬರುತ್ತದೆ ಅಂತ ಬಾಯಿಗೆ ಬಂದದ್ದು ಹೇಳುತ್ತಾರೆ. ಆದರೆ ಅಡಿಕೆ ಕಾಗದ ಬಿಡದೆ ಮಾರಾಟ ಆಗುವ ಬೆಳೆ ಅಲ್ಲ. ಮೊದಲು ಸರ್ವೆ ನಂಬರ್ ಹಾಕಿ ಪಹಣಿ ತೆಗೆಸಿ, ಯಾರು ಬೇಕಾದರೂ ತೆಗೆಸಬಹುದು. 9ನೇ ಕಾಲಂನಲ್ಲಿ ಯಾರ ಹೆಸರಿದೆ, 10ನೇ ಕಾಲಂನಲ್ಲಿ ಅವರಿಗೆ ಹೇಗೆ ಬಂತು ಅಂತ ನೋಡಿ. 11ನೇ ಕಾಲಂನಲ್ಲಿ ಸೊಸೈಟಿ ಅಥವಾ ಬ್ಯಾಂಕಿನ ಸಾಲ ಇದ್ದರೆ ಕಾಣುತ್ತದೆ. ಸಾಲ ತೆಗೆಯುವಾಗ ಇದೇ ಜನ ಆದಾಯ ಎಷ್ಟು ಅಂತ ಬರೆದುಕೊಟ್ಟಿದ್ದಾರೆ, ಆ ಅರ್ಜಿಯನ್ನು ಕೋರ್ಟು ತರಿಸಬಹುದು. ಹುಡುಗನ ಹೆಸರಲ್ಲಿ ಅಡಿಕೆ ಮಂಡಿಯಲ್ಲೋ ಬೆಳೆಗಾರರ ಸಹಕಾರ ಸಂಘ ಮ್ಯಾಮ್‌ಕೋಸ್‌ನಲ್ಲೋ ಖಾತೆ ಇದೆಯಾ ಅಂತ ವಿಚಾರಿಸಿ. ತೋಟ ಅಪ್ಪನ ಹೆಸರಲ್ಲಿದ್ದು ಅಡಿಕೆ ಮಗನ ಹೆಸರಲ್ಲಿ ಹೋಗುವುದು ನಮ್ಮಲ್ಲಿ ಮಾಮೂಲು. ಚೇಣಿ, ಅಂದರೆ ಫಸಲನ್ನು ಗುತ್ತಿಗೆಗೆ, ಕೊಟ್ಟಿದ್ದರೆ ಚೇಣಿದಾರನ ಹತ್ತಿರ ಲೆಕ್ಕ ಇರುತ್ತದೆ. ನಮ್ಮ ಕೇಸಲ್ಲಿ ಭಾವ ತನಗೆ ಆದಾಯವೇ ಇಲ್ಲ ಅಂದಿದ್ದ, ಅದೇ ವರ್ಷ ಅವನ ಹೆಸರಲ್ಲಿ ರಾಶಿ ಇಡಿ ಅಡಿಕೆ ಮಾರಿದ ಪಟ್ಟಿ ಸಿಕ್ಕಿತು. ಆಮೇಲೆ ಮಾತು ಬದಲಾಯಿತು.

ಆದರೆ ಇನ್ನೊಂದು ಕಡೆಯದನ್ನೂ ಹೇಳಬೇಕು. ಎಲೆಚುಕ್ಕೆ ರೋಗ ಬಂದ ಮೇಲೆ ತೀರ್ಥಹಳ್ಳಿ, ಹೊಸನಗರ, ಸಾಗರ ಕಡೆ ಕೆಲವು ತೋಟಗಳು ನಿಜವಾಗಿ ಕುಸಿದಿವೆ. ಮಳೆ ಜಾಸ್ತಿಯಾದ ವರ್ಷ ಕೊಳೆ ರೋಗ ಬೇರೆ. ಐದು ವರ್ಷದ ಹಿಂದಿನ ಫಸಲು ಇಟ್ಟುಕೊಂಡು ಲೆಕ್ಕ ಹಾಕಿದರೆ ಅವರಿಗೂ ಕಟ್ಟಲು ಆಗುವುದಿಲ್ಲ, ನಿಮಗೂ ಕೈಗೆ ಬರುವುದಿಲ್ಲ. ಎರಡು ಮೂರು ವರ್ಷದ ಸರಾಸರಿ ಕೇಳಿ.

ಶಿವಮೊಗ್ಗ ವಕೀಲ

ಇವರು ಹೇಳಿದ್ದು ಬಹಳ ಸರಿ. ಆದಾಯ ಬದಲಾದರೆ ಆದೇಶ ಬದಲಾಯಿಸಿ ಅಂತ ಎರಡೂ ಕಡೆಯವರು ಕೇಳಬಹುದು. ತೋಟ ಹೋಯಿತು ಅಂತ ಅವರು ಕಡಿಮೆ ಮಾಡಿಸಬಹುದು, ಮಗು ಹೈಸ್ಕೂಲಿಗೆ ಬಂತು ಅಂತ ನೀವು ಜಾಸ್ತಿ ಮಾಡಿಸಬಹುದು.

ಪಹಣಿ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಆ ತೋಟ ಪಿತ್ರಾರ್ಜಿತವಾಗಿದ್ದು ಇನ್ನೂ ಪಾಲಾಗದ ಒಟ್ಟು ಕುಟುಂಬದ ಆಸ್ತಿಯಾಗಿದ್ದರೆ ಪುಟ್ಟಿಗೂ ಹುಟ್ಟಿನಿಂದಲೇ ಹಕ್ಕು ಇದೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳ ಸಮ ಹಕ್ಕು ಕೊಟ್ಟಿತು. ಅಪ್ಪ ಅಮ್ಮ ಬೇರೆಯಾದ ಮಾತ್ರಕ್ಕೆ ಅದು ಹೋಗುವುದಿಲ್ಲ. ಅಜ್ಜ ಸ್ವಂತ ದುಡಿದು ಮಾಡಿದ ತೋಟವಾದರೆ ಅವರು ಬದುಕಿರುವವರೆಗೆ ಯಾರೂ ಕೇಳುವಂತಿಲ್ಲ. ಅವರು ತಂದ ಕಾಗದದಲ್ಲಿ "ಮಗುವಿಗೆ ಏನೂ ಕೇಳುವುದಿಲ್ಲ" ಅಂತ ಇತ್ತಲ್ಲ, ಆ ಸಾಲು ಯಾಕೆ ಬಂತು ಅಂತ ಈಗ ಗೊತ್ತಾಗುತ್ತದೆ ಅಲ್ವಾ?

ಕೊಪ್ಪದ ಅಪ್ಪ

ನಾನು ಇನ್ನೊಂದು ಕಡೆಯವನು. ಓದುತ್ತಾ ಹೋದೆ, ಬರೆಯದೆ ಇರಲು ಆಗಲಿಲ್ಲ.

ಮಗನಿಗೆ ನಾಲ್ಕು ವರ್ಷ ಇದ್ದಾಗ ನಾವು ಬೇರೆಯಾದೆವು. ತಿಂಗಳಿಗೆ ಇಷ್ಟು ಅಂತ ಕೋರ್ಟು ಹೇಳಿತ್ತು, ಎರಡನೇ ಮತ್ತು ನಾಲ್ಕನೇ ಶನಿವಾರ ಮಗನನ್ನು ನೋಡಬಹುದು ಅಂತಲೂ ಹೇಳಿತ್ತು. ಎರಡು ಮೂರು ಸಲ ಅವರು ಮಗನನ್ನು ಕರೆತರಲಿಲ್ಲ. ನನಗೆ ಸಿಟ್ಟು ಬಂತು. ಆಗ ನನ್ನ ಕೇಸು ನೋಡುತ್ತಿದ್ದ ವಕೀಲರು, ದುಡ್ಡು ನಿಲ್ಲಿಸಿ ಆಗ ದಾರಿಗೆ ಬರುತ್ತಾರೆ ಅಂದರು. ನಿಲ್ಲಿಸಿದೆ. ಏಳು ತಿಂಗಳು ಕಟ್ಟಲಿಲ್ಲ. ಅವರು ವಸೂಲಿಗೆ ಅರ್ಜಿ ಹಾಕಿದರು, ವಾರಂಟ್ ಬಂತು. ಕಟ್ಟದ ಒಂದೊಂದು ತಿಂಗಳಿಗೂ ಒಂದು ತಿಂಗಳವರೆಗೆ ಜೈಲು ಆಗಬಹುದು ಅಂತ ನನಗೆ ಗೊತ್ತಾಗಿದ್ದು ಆವತ್ತು. ಜೈಲಿಗೆ ಹೋಗಿ ಬಂದರೂ ಬಾಕಿ ತೀರುವುದಿಲ್ಲ, ಅದೂ ಆಮೇಲೆ ಗೊತ್ತಾಯಿತು. ಸಾಲ ಮಾಡಿ ಕಟ್ಟಿದೆ.

ಜೈಲಿನ ಭಯಕ್ಕಿಂತ ಜಾಸ್ತಿ ನನ್ನನ್ನು ಕೊರೆದಿದ್ದು ಬೇರೆ. ಆ ಏಳು ತಿಂಗಳಲ್ಲಿ ಮಗ ಸ್ಕೂಲ್ ಬದಲಾಯಿಸಬೇಕಾಯಿತು, ಫೀಸು ಕಟ್ಟಲಾಗದೆ. ಹೆಂಡತಿ ಮೇಲಿನ ಸಿಟ್ಟಿಗೆ ಅವನ ಶಾಲೆ ಬಿಡಿಸಿದೆ ನಾನು. ಅವನಿಗೆ ಈಗ ಹದಿಮೂರು, ಅದರ ಬಗ್ಗೆ ಒಂದು ದಿನವೂ ಕೇಳಿಲ್ಲ.

ಮಗು ತೋರಿಸದಿದ್ದರೆ ಕೋರ್ಟಿಗೆ ಬೇರೆ ಅರ್ಜಿ ಹಾಕಿ, ಆದೇಶ ಜಾರಿ ಮಾಡಿಸಿ. ದುಡ್ಡು ಬರದಿದ್ದರೆ ವಸೂಲಿಗೆ ಬೇರೆ ಅರ್ಜಿ ಹಾಕಿ. ಅಕ್ಕ, ನಿಮ್ಮ ತಂಗಿಗೂ ಇದನ್ನೇ ಹೇಳುತ್ತೇನೆ. ದುಡ್ಡು ಕೊಡಲಿಲ್ಲ ಅಂತ ಅಪ್ಪನಿಗೆ ಮಗುವನ್ನು ತೋರಿಸದೆ ಇರಬೇಡಿ. ಮಗುವಿಗೆ ಅಪಾಯ ಇದ್ದರೆ ಅದು ಬೇರೆ ಮಾತು, ಆಗ ಕೋರ್ಟಿನ ಮೂಲಕವೇ, ಇನ್ನೊಬ್ಬರ ಎದುರಲ್ಲಿ ಮಾತ್ರ ಭೇಟಿ ಅಂತ ಕೇಳಿ.

ಮೇಷ್ಟ್ರು

ಹೌದು ಸರ್. ನಮ್ಮ ಶಾಲೆಯಲ್ಲೂ ಇಂಥ ಮಕ್ಕಳಿದ್ದಾರೆ. ಒಂದು ಮಗು ಪ್ರತಿ ಸೋಮವಾರ ಹೊಟ್ಟೆನೋವು ಅನ್ನುತ್ತಿತ್ತು. ಭಾನುವಾರ ಅಪ್ಪನ ಮನೆಗೆ ಹೋಗಿ ಬಂದ ಕೂಡಲೇ ಅಲ್ಲಿ ಏನಾಯಿತು, ಯಾರು ಬಂದಿದ್ದರು, ಏನು ಅಂದರು ಅಂತ ಇಲ್ಲಿ ವಿಚಾರಣೆ ಮಾಡುತ್ತಿದ್ದರಂತೆ. ಪುಟ್ಟಿಯನ್ನು ಆ ಪ್ರಶ್ನೆಗಳಿಂದ ಉಳಿಸಿ.

ಶಾಲೆಗೆ ಸಂಬಂಧಪಟ್ಟ ಮಾತು: ಕೋರ್ಟಿನ ಆದೇಶ ಬಂದ ದಿನವೇ ಒಂದು ನಕಲು ಮುಖ್ಯೋಪಾಧ್ಯಾಯರಿಗೆ ಕೊಡಿ. ಆದೇಶ ಇಲ್ಲದೆ ಅಪ್ಪ ಗೇಟಿಗೆ ಬಂದು ಮಗು ಕೊಡಿ ಅಂದರೆ ನಮಗೂ ಏನು ಮಾಡಬೇಕು ಅಂತ ತೋಚುವುದಿಲ್ಲ, ಮಗು ನಡುವೆ ನಿಂತು ಅಳುತ್ತದೆ.

ಭದ್ರಾವತಿಯಿಂದ

ನಾವು ಮುಸ್ಲಿಮರು. ನನ್ನ ಚಿಕ್ಕಮ್ಮನ ಮಗಳದ್ದು ಇಂಥದ್ದೇ ಕಥೆ. ಈ ಜೀವನಾಂಶದ ಕಾನೂನು ನಮಗೂ ಬರುತ್ತದಾ ಸರ್?

ಶಿವಮೊಗ್ಗ ವಕೀಲ

ಬರುತ್ತದೆ. ವಿಚ್ಛೇದನ ಆದ ಮುಸ್ಲಿಂ ಮಹಿಳೆಯೂ ಆ ಹಳೆಯ 125ರ ಅಡಿ ಜೀವನಾಂಶ ಕೇಳಬಹುದು ಅಂತ 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಸ್ಪಷ್ಟ ಮಾಡಿದೆ. ಮಕ್ಕಳ ವಿಷಯದಲ್ಲಿ ಧರ್ಮದ ಪ್ರಶ್ನೆಯೇ ಇಲ್ಲ. ಒಂದೇ ಉಸಿರಿಗೆ ಮೂರು ಸಲ ತಲಾಖ್ ಹೇಳಿದರೆ ಮದುವೆ ಮುರಿಯುವುದಿಲ್ಲ, 2019ರ ಕಾಯ್ದೆಯಂತೆ ಅದು ಅಪರಾಧ ಕೂಡ. ಹೆಂಡತಿಯೇ ವಿಚ್ಛೇದನ ಕೇಳುವುದಾದರೆ 1939ರ ಮುಸ್ಲಿಂ ವಿವಾಹ ವಿಸರ್ಜನೆ ಕಾಯ್ದೆ ಇದೆ. ವಿವರ ಬೇಕಾದರೆ ಬೇರೆಯಾಗಿ ಕೇಳಿ, ಬರೆಯುತ್ತೇನೆ.

ಹೊಸನಗರದ ಅಕ್ಕ

ಎಲ್ಲರದ್ದನ್ನೂ ತಂಗಿಗೆ ಓದಿ ಹೇಳಿದೆ. ಕೊಪ್ಪದ ಅಣ್ಣ, ನೀವು ಬರೆದದ್ದನ್ನು ಅವಳು ಎರಡು ಸಲ ಓದಿಸಿದಳು.

ಅವಳಿಗೆ ಜಗಳ ಬೇಡ. ಇಬ್ಬರೂ ಒಪ್ಪಿ ವಿಚ್ಛೇದನ ಆದರೆ ಸಾಕು ಅನ್ನುತ್ತಾಳೆ. ಅದು ಹೇಗೆ? ಎಷ್ಟು ದಿನ ಹಿಡಿಯುತ್ತದೆ? ವಕೀಲರ ಫೀಸಿಗೆ ಅಪ್ಪ ಒಂದು ದನ ಮಾರುತ್ತೇನೆ ಅನ್ನುತ್ತಿದ್ದಾರೆ.

ಶಿವಮೊಗ್ಗ ವಕೀಲ

ದನ ಮಾರಿಸಬೇಡಿ! ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಇದೆ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್. ನಿಮ್ಮ ತಾಲ್ಲೂಕು ಕೋರ್ಟಿನ ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ ಶಿವಮೊಗ್ಗದ ಜಿಲ್ಲಾ ಪ್ರಾಧಿಕಾರಕ್ಕೆ ಬನ್ನಿ. ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ. ವಕೀಲರನ್ನು ಅವರೇ ಕೊಡುತ್ತಾರೆ.

ಒಪ್ಪಿಗೆಯ ವಿಚ್ಛೇದನ ಅಂದರೆ ಹಿಂದೂ ವಿವಾಹ ಕಾಯ್ದೆಯ 13ಬಿ ಸೆಕ್ಷನ್. ಒಂದು ವರ್ಷ ಬೇರೆ ಇದ್ದಿರಬೇಕು, ನಿಮಗೆ ಅದು ಆಗಿದೆ. ಇಬ್ಬರೂ ಸೇರಿ ಅರ್ಜಿ ಹಾಕಬೇಕು. ಆಮೇಲೆ ಆರು ತಿಂಗಳು ಬಿಟ್ಟು, 18 ತಿಂಗಳೊಳಗೆ ಇಬ್ಬರೂ ಮತ್ತೆ ಬಂದು ಹೌದು ಅನ್ನಬೇಕು. ಆ ಆರು ತಿಂಗಳನ್ನು ಜಡ್ಜ್ ಮನ್ನಾ ಮಾಡಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬಹಳ ದಿನದಿಂದ ಬೇರೆ ಇದ್ದು, ಮಗು ಮತ್ತು ಜೀವನಾಂಶದ ವಿಷಯ ಪೂರ್ತಿ ತೀರ್ಮಾನ ಆಗಿ, ಸೇರುವ ದಾರಿ ಮುಚ್ಚಿದ್ದರೆ ಮಾತ್ರ. ಡಿಕ್ರಿ ಆಗುವವರೆಗೆ ಇಬ್ಬರಲ್ಲಿ ಯಾರು ಬೇಕಾದರೂ ಒಪ್ಪಿಗೆ ಹಿಂದಕ್ಕೆ ತೆಗೆದುಕೊಳ್ಳಬಹುದು.

ಅವರು ಒಪ್ಪದಿದ್ದರೆ ಅದೇ ವಿವಾಹ ಕಾಯ್ದೆಯ 13ನೇ ಸೆಕ್ಷನ್, ಅಂದರೆ ಕಾರಣ ಕೊಟ್ಟು ಸಾಬೀತು ಮಾಡುವುದು. ಕ್ರೌರ್ಯ, ಎರಡು ವರ್ಷ ಬಿಟ್ಟು ಹೋಗಿರುವುದು, ಹೀಗೆ ಕೆಲವು ಕಾರಣಗಳಿವೆ. ಅದಕ್ಕೆ ಕಾಲ ಜಾಸ್ತಿ. ಹೊಂದಾಣಿಕೆ ಇಲ್ಲ ಅನ್ನುವುದೊಂದೇ ಕಾರಣ ಇಟ್ಟುಕೊಂಡು ಕುಟುಂಬ ನ್ಯಾಯಾಲಯ ವಿಚ್ಛೇದನ ಕೊಡುವಂತಿಲ್ಲ. ಮದುವೆ ಸರಿಪಡಿಸಲಾಗದಷ್ಟು ಮುರಿದಿದೆ ಅಂತ ಬಿಡಿಸುವ ಅಧಿಕಾರ ಸುಪ್ರೀಂ ಕೋರ್ಟಿಗೆ ಮಾತ್ರ, 2023ರ ತೀರ್ಪಲ್ಲಿ ಅದನ್ನು ಹೇಳಿದ್ದಾರೆ.

ನನ್ನ ಸಲಹೆ: ಮೊದಲು ಜೀವನಾಂಶದ ಅರ್ಜಿ ಹಾಕಿ. ಕೋರ್ಟು ಮಧ್ಯಸ್ಥಿಕೆಗೆ ಕಳಿಸುತ್ತದೆ. ಅಲ್ಲಿ ಕೂತು 13ಬಿಗೆ ಬರಬಹುದು. ನಾಲ್ಕು ಹಿರಿಯರ ಎದುರು ಪೆನ್ನು ಹಿಡಿಯುವುದಕ್ಕೂ, ವಕೀಲರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾತಾಡುವುದಕ್ಕೂ ಬಹಳ ವ್ಯತ್ಯಾಸ ಇದೆ.

ತುಂಗೆ ದಡ

ಮಧ್ಯಸ್ಥಿಕೆಯಲ್ಲಿ ನಾನು ಮಾಡಿದ ತಪ್ಪು ಹೇಳುತ್ತೇನೆ, ನಿಮ್ಮ ತಂಗಿ ಮಾಡಬಾರದು. ಒಂದೇ ಸಲಕ್ಕೆ ಇಡಿಗಂಟು ಕೊಡುತ್ತೇವೆ, ನಿನಗೂ ಮಗನಿಗೂ ಸೇರಿ, ಅಂದರು. ಮೂರು ವರ್ಷ ಅಲೆದು ಸಾಕಾಗಿತ್ತು, ಒಪ್ಪಿಬಿಟ್ಟೆ. ಆಗ ದೊಡ್ಡ ಮೊತ್ತ ಅನ್ನಿಸಿತ್ತು. ಮಗ ಪಿಯುಸಿಗೆ ಬರುವಷ್ಟರಲ್ಲಿ ಅದು ಪೂರ್ತಿ ಕರಗಿತು. ಮತ್ತೆ ಕೇಳಬಹುದಿತ್ತು, ಆದರೆ ಮತ್ತೆ ಕೋರ್ಟಿನ ಮೆಟ್ಟಿಲು ಹತ್ತುವ ಶಕ್ತಿ ನನ್ನಲ್ಲಿ ಇರಲಿಲ್ಲ.

ಅವಳದ್ದು ಇಡಿಗಂಟು ಆದರೂ ಆಗಲಿ, ಪುಟ್ಟಿಯದನ್ನು ಬೇರೆ ಬರೆಸಿ. ತಿಂಗಳಿಗೆ ಇಷ್ಟು, ವರ್ಷ ವರ್ಷ ಇಷ್ಟು ಏರಿಕೆ, ಜೂನ್‌ನಲ್ಲಿ ಶಾಲೆಯ ಫೀಸು ಮತ್ತು ಪುಸ್ತಕ ಬೇರೆ, ಆಸ್ಪತ್ರೆ ಖರ್ಚಲ್ಲಿ ಅರ್ಧ. ಅಡಿಕೆ ದುಡ್ಡು ತಿಂಗಳು ತಿಂಗಳು ಬರುವುದಿಲ್ಲ ಅಂದರೆ, ತಿಂಗಳಿಗೆ ಒಂದು ಕನಿಷ್ಠ ಮೊತ್ತ ಇಟ್ಟು ಉಳಿದದ್ದನ್ನು ಅಡಿಕೆ ಮಾರುವ ಹೊತ್ತಿಗೆ ಕೊಡಲಿ ಅಂತ ಬರೆಸಬಹುದು. ಕೈಗೆ ಕೈಗೆ ಬೇಡ, ಬ್ಯಾಂಕಿಗೇ ಹಾಕಲಿ.

ಕೊಪ್ಪದ ಅಪ್ಪ

ಭೇಟಿ ಬಗ್ಗೆಯೂ ಹಾಗೇ ಬಿಡಿಸಿ ಬರೆಸಿ ಅಕ್ಕ. "ಅನುಕೂಲ ಇದ್ದಾಗ ನೋಡಬಹುದು" ಅಂತ ಬರೆದರೆ ಅಲ್ಲೇ ಜಗಳ ಶುರು. ಯಾವ ವಾರ, ಎಷ್ಟು ಗಂಟೆಗೆ, ಎಲ್ಲಿ ಬಿಡಬೇಕು, ಎಲ್ಲಿಂದ ಕರೆದುಕೊಂಡು ಹೋಗಬೇಕು, ಬಸ್ ಚಾರ್ಜು ಯಾರದು. ದಸರಾ ರಜೆ ಅರ್ಧ ಅರ್ಧವಾ, ಬೇಸಿಗೆ ರಜೆಯಲ್ಲಿ ಎಷ್ಟು ದಿನ, ದೀಪಾವಳಿ ಒಂದು ವರ್ಷ ಅಲ್ಲಿ ಒಂದು ವರ್ಷ ಇಲ್ಲಿಯಾ. ನಮ್ಮ ಕಡೆ ಮಳೆಗಾಲ ಬೇರೆ ಇದೆ. ಮಳೆಗೆ ಡಿಸಿ ರಜೆ ಕೊಟ್ಟ ವಾರ, ಮರ ಬಿದ್ದು ದಾರಿ ಮುಚ್ಚಿದ ವಾರ, ಭೇಟಿ ತಪ್ಪಿದರೆ ಮುಂದಿನ ವಾರ ಬದಲಿ ದಿನ ಅಂತ ಬರೆಸಿ. ನನಗೆ ಒಂದು ಜುಲೈ ಪೂರ್ತಿ ಹಾಗೇ ಹೋಗಿತ್ತು. ವಿಡಿಯೋ ಕಾಲ್ ವಾರಕ್ಕೆ ಎರಡು ಸಲ ಅಂತ ಸೇರಿಸಿ, ಅದನ್ನೂ ಕೋರ್ಟುಗಳು ಕೊಡುತ್ತವೆ.

ಮತ್ತೆ, ಕೋರ್ಟಿನ ಆವರಣದಲ್ಲಿ ಭೇಟಿ ಬೇಡ ಅಂತ ಕೇಳಿಕೊಳ್ಳಿ, ಅಪಾಯ ಏನೂ ಇಲ್ಲದಿದ್ದರೆ. ನಾನು ಎಂಟು ತಿಂಗಳು ಮಗನನ್ನು ಅಲ್ಲೇ ಬೆಂಚಿನ ಮೇಲೆ ನೋಡಿದ್ದು. ಪೊಲೀಸರು, ಕೈಕೋಳ, ಕೂಗಾಟ, ಮಗು ನನ್ನ ಅಂಗಿ ಹಿಡಿದು ಕೂತಿರುತ್ತಿತ್ತು. ಆಮೇಲೆ ಹೊರಗೆ ಕರೆದುಕೊಂಡು ಹೋಗಲು ಅನುಮತಿ ಸಿಕ್ಕಿ, ಮೊದಲ ದಿನ ಸಕ್ರೆಬೈಲಿನ ಆನೆ ಬಿಡಾರಕ್ಕೆ ಹೋದೆವು. ಆನೆ ನೀರಿಗೆ ಇಳಿಯುವುದನ್ನು ನೋಡುತ್ತಾ ಅವನು ಒಂದು ಗಂಟೆ ಮಾತಾಡಿದ, ಆ ಎಂಟು ತಿಂಗಳಲ್ಲಿ ಆಡದಿದ್ದ ಮಾತೆಲ್ಲ.

ಹೊಸನಗರದ ಅಕ್ಕ

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ.

ಅಪ್ಪ ಆ ಕಾಗದವನ್ನು ಸಹಿ ಇಲ್ಲದೆ ಹಾಗೇ ವಾಪಸ್ ಕೊಟ್ಟರು. ಕಾನೂನು ಸೇವಾ ಸಮಿತಿಯಿಂದ ಒಬ್ಬರು ವಕೀಲೆ ಸಿಕ್ಕಿದ್ದಾರೆ, ತಂಗಿ ಹೇಳುವುದನ್ನು ಪೂರ್ತಿ ಕೇಳಿಸಿಕೊಂಡರು. ಜೀವನಾಂಶದ ಅರ್ಜಿ ಹಾಕಿ ಆಯಿತು, ನೋಟಿಸ್ ಹೋಗಿದೆ, ಮುಂದಿನ ತಿಂಗಳು ವಾಯಿದೆ. ಪಹಣಿ ತೆಗೆಸಿದೆವು. ತೋಟದಲ್ಲಿ ಒಂದು ಭಾಗ ಮುತ್ತಜ್ಜನ ಕಾಲದ್ದು, ಒಂದು ಭಾಗ ಮಾವ ಕೊಂಡಿದ್ದು. ಮಂಡಿ ಪಟ್ಟಿ ಇನ್ನೂ ಸಿಕ್ಕಿಲ್ಲ, ಹುಡುಕುತ್ತಿದ್ದೇವೆ.

ನೋಟಿಸ್ ಮುಟ್ಟಿದ ಎರಡನೇ ದಿನ ಅವಳ ಗಂಡ ಫೋನ್ ಮಾಡಿದ್ದರು. ಮೊದಲು ಕೂಗಾಡಿದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಪುಟ್ಟಿಯನ್ನು ನೋಡಬೇಕು ಅಂದರು. ತಂಗಿ ಒಂದು ದಿನ ಯೋಚಿಸಿ, ವಕೀಲೆಯನ್ನು ಕೇಳಿ, ಶಿವಮೊಗ್ಗದಲ್ಲಿ ಆಗಬಹುದು, ನಮ್ಮ ಅಪ್ಪ ಜೊತೆಗೆ ಇರುತ್ತಾರೆ, ಎರಡು ಗಂಟೆ ಮಾತ್ರ ಅಂದಳು. ಅವರು ಒಪ್ಪಿದ್ದಾರೆ. ಪುಟ್ಟಿಗೆ ನಿನ್ನೆ ಹೇಳಿದೆವು. ತನ್ನ ಚಿತ್ರದ ಪುಸ್ತಕ ತೆಗೆದು ಬ್ಯಾಗಲ್ಲಿ ಇಟ್ಟುಕೊಂಡಳು. ನಾಡಿದ್ದು ಭಾನುವಾರ, ಬೆಳಿಗ್ಗೆ ಏಳೂವರೆ ಬಸ್ಸಿಗೆ ಹೊರಡುತ್ತಾರೆ.

ಕೊಪ್ಪದ ಅಪ್ಪ

ಅಕ್ಕ, ಬ್ಯಾಗಲ್ಲಿ ಒಂದು ಜೊತೆ ಬಟ್ಟೆ, ಒಂದು ಟವೆಲ್ ಹಾಕಿ ಕಳಿಸಿ. ತಿರುವು ದಾರಿಯಲ್ಲಿ ಮಕ್ಕಳಿಗೆ ವಾಂತಿ ಆಗುತ್ತದೆ.